ಹೊರನಾಡಿನ ಡಿವಿಡಿ: ಎರಡು ಬೀಗಗಳ ಕಥೆ

2009ರ ಮಾರ್ಚ್ ತಿಂಗಳಿನಲ್ಲಿ ಬ್ರಿಟನ್ನಿನ ಅಂದಿನ ಪ್ರಧಾನಿ ಗಾರ್ಡನ್ ಬ್ರೌನ್ ವಾಷಿಂಗ್ಟನ್ನಿಗೆ ಹೋಗಿದ್ದರು. ಅಧಿಕಾರಕ್ಕೆ ಬಂದು ಎರಡು ತಿಂಗಳೂ ತುಂಬಿರದ ಅಧ್ಯಕ್ಷ ಬರಾಕ್ ಒಬಾಮಾ ಅವರಿಗೆ, ಗುಲಾಮರ ಸಾಗಾಟ ತಡೆಯುವ ಕೆಲಸದಲ್ಲಿದ್ದ ಹಳೆಯ ಹಡಗೊಂದರ ಮರದಿಂದ ಮಾಡಿದ ಲೇಖನಿ ಸ್ಟ್ಯಾಂಡನ್ನು ಉಡುಗೊರೆಯಾಗಿ ಕೊಟ್ಟರು. ಪ್ರತಿಯಾಗಿ ಅವರಿಗೆ ಸಿಕ್ಕಿದ್ದು 25 ಅಮೆರಿಕನ್ ಚಲನಚಿತ್ರಗಳ ಡಿವಿಡಿ ಪೆಟ್ಟಿಗೆ. ಊರಿಗೆ ಮರಳಿದ ಪ್ರಧಾನಿ ಬಿಡುವು ಮಾಡಿಕೊಂಡು ಡಿಸ್ಕ್ ಹಾಕಿದರೆ, ತೆರೆಯ ಮೇಲೆ ಮೂಡಿದ್ದು ಸಿನಿಮಾ ಅಲ್ಲ, ವಲಯ ತಪ್ಪಾಗಿದೆ ಎಂಬ ಸೂಚನೆ. ಹೀಗೆಂದು ಅಲ್ಲಿನ ಪತ್ರಿಕೆಗಳು ವರದಿ ಮಾಡಿ ನಕ್ಕವು.

ಒಂದು ದೇಶದ ಅಧ್ಯಕ್ಷರು ಇನ್ನೊಂದು ದೇಶದ ಪ್ರಧಾನಿಗೆ ಕೊಟ್ಟ ಡಿಸ್ಕಿಗೇ ಈ ಗತಿಯಾದರೆ ನಮ್ಮ ನಿಮ್ಮ ಪಾಡೇನು, ಓದುಗರೆ?

ನಮ್ಮ ಬೀದಿಯ ಕೊನೆಯ ಮನೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರಿದ್ದಾರೆ. ಎಲ್ಲರಿಗೂ ಅವರು ಟೀಚರಮ್ಮ. ಕಳೆದ ದೀಪಾವಳಿಯ ಮರುದಿನ ಹಳೆಯ ಲಕೋಟೆಯೊಂದನ್ನು ಹಿಡಿದು ಬಂದರು. "ನೀನು ಟಿವಿಯವನಲ್ವೇನಪ್ಪ, ಇದನ್ನೊಂದು ಹಾಕಿಕೊಡು" ಎಂದರು. ಒಳಗೆ ಮೂರು ಡಿಸ್ಕುಗಳಿದ್ದವು. ಎರಡನ್ನು 2006ರಲ್ಲಿ ನ್ಯೂಜೆರ್ಸಿಯಿಂದ ಅವರ ತಮ್ಮ ಕಳಿಸಿದ್ದು. ಒಂದು, ತಮ್ಮನ ಮಗಳ ಭರತನಾಟ್ಯ ರಂಗಪ್ರವೇಶ. ಕೊನೆಯಲ್ಲಿ ತಮ್ಮ ವೇದಿಕೆಗೆ ಬಂದು ಕನ್ನಡದಲ್ಲಿ ನಾಲ್ಕು ಮಾತಾಡಿದ್ದಾರಂತೆ. ಇನ್ನೊಂದು ಚಂದ್ರಯಾನದ ಬಗ್ಗೆ ಅಲ್ಲಿನ ಅಂಗಡಿಯಲ್ಲಿ ಕೊಂಡ ಸಾಕ್ಷ್ಯಚಿತ್ರ. ಅದರ ಮೇಲೆ ಚೀಟಿ: "ಅಕ್ಕ, ಇದನ್ನು ತಪ್ಪದೆ ನೋಡು." ತಮ್ಮ ಈಗಿಲ್ಲ.

ಮೂರನೆಯ ಡಿಸ್ಕ್ ನಮ್ಮೂರಿನದೇ. ರಂಗಪ್ರವೇಶದ ಡಿಸ್ಕ್ ಅಂದು ಅವರ ಮನೆಯ ಹಳೆಯ ಟಿವಿಯಲ್ಲಿ ಬಣ್ಣವಿಲ್ಲದೆ, ಮೇಲಿಂದ ಕೆಳಕ್ಕೆ ಉರುಳುತ್ತ ಕಾಣಿಸಿತಂತೆ. ಪೇಟೆಯ ಅಂಗಡಿಯೊಂದರಲ್ಲಿ ಕೊಟ್ಟು "ಇಂಡಿಯಾ ಸಿಸ್ಟಮ್ಮಿಗೆ" ಬದಲಾಯಿಸಿ ತಂದರು. ಬಂದದ್ದರಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ, ನಡುವೆ ಕುಳ್ಳಗಾದ ಜನ, ಜಿಗಿಜಿಗಿದು ಸಾಗುವ ನೃತ್ಯ. ಬೇಸರದಿಂದ ಬೀರುವಿನಲ್ಲಿಟ್ಟರು. ಚಂದ್ರಯಾನದ ಡಿಸ್ಕನ್ನಂತೂ ಯಂತ್ರ ಒಳಗೆ ಸೇರಿಸಿಕೊಳ್ಳಲೇ ಇಲ್ಲ. ಅದಕ್ಕೂ ಬ್ರೌನ್ ಸಾಹೇಬರಿಗೆ ಬಂದ ಉತ್ತರವೇ.

ಟೀಚರಮ್ಮನ ದೃಷ್ಟಿಯಲ್ಲಿ ಎರಡೂ ಒಂದೇ ಕಾಯಿಲೆ: "ಫಾರಿನ್ ಸೀಡಿ, ಇಲ್ಲಿ ಓಡಲ್ಲ." ವಾಸ್ತವದಲ್ಲಿ ಇವು ಬೇರೆ ಬೇರೆ ಬೀಗಗಳು. ಮೊದಲನೆಯದನ್ನು ಯಾರೂ ಬೇಕೆಂದು ಹಾಕಿದ್ದಲ್ಲ, ಅದು ಇತಿಹಾಸದ ಗಂಟು. ಎರಡನೆಯದನ್ನು ಬೇಕೆಂದೇ ಹಾಕಿದರು. ಈ ವ್ಯತ್ಯಾಸ ತಿಳಿಯದೆ ಲೆಕ್ಕವಿಲ್ಲದಷ್ಟು ಮನೆಗಳಲ್ಲಿ ಒಳ್ಳೆಯ ಡಿಸ್ಕುಗಳು ಕೆಟ್ಟ ನಕಲುಗಳಾಗಿವೆ ಎಂಬುದು ನನ್ನ ಅನುಭವ. ಆದ್ದರಿಂದ ಒಂದೊಂದಾಗಿ ನೋಡೋಣ.

ಮೊದಲ ಬೀಗದ ಬೇರು ವಿದ್ಯುಚ್ಛಕ್ತಿಯಲ್ಲಿದೆ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ವಿದ್ಯುತ್ ಕಂಪೆನಿಗಳು ಸೆಕೆಂಡಿಗೆ 60 ಆವರ್ತನದ ವಿದ್ಯುತ್ತನ್ನೂ ಜರ್ಮನಿಯವು 50 ಆವರ್ತನದ್ದನ್ನೂ ಆರಿಸಿಕೊಂಡವು. ದೂರದರ್ಶನ ಬಂದಾಗ, ತೆರೆಯ ಮೇಲೆ ವಿದ್ಯುತ್ತಿನ ಗುಂಯ್‌ಗಾಟ ಪಟ್ಟೆಪಟ್ಟೆಯಾಗಿ ತೇಲದಿರಲೆಂದು ಚಿತ್ರದ ವೇಗವನ್ನೂ ಅದಕ್ಕೇ ಹೊಂದಿಸಿದರು. ಪ್ರತಿ ಚಿತ್ರವನ್ನು ಬೆಸ ಗೆರೆಗಳದೊಂದು, ಸಮ ಗೆರೆಗಳದೊಂದು ಎಂದು ಎರಡು ಅರ್ಧಗಳಾಗಿ ಕಳಿಸುವುದರಿಂದ 60ರ ನಾಡಿನಲ್ಲಿ ಸೆಕೆಂಡಿಗೆ 30 ಚಿತ್ರ, 50ರ ನಾಡಿನಲ್ಲಿ 25. ಅಮೆರಿಕ 1941ರಲ್ಲಿ 525 ಗೆರೆಗಳ ಚಿತ್ರವನ್ನು ಒಪ್ಪಿಕೊಂಡಿತು. ಯುರೋಪಿನ ಬಹುಭಾಗ ಯುದ್ಧಾನಂತರ 625 ಗೆರೆಗಳನ್ನು ಆರಿಸಿತು.

ಬಣ್ಣ ಬಂದಾಗ ಗಂಟು ಇನ್ನೂ ಬಿಗಿಯಾಯಿತು. 1953ರ ಡಿಸೆಂಬರಿನಲ್ಲಿ ಅಮೆರಿಕ ಎನ್‌ಟಿಎಸ್‌ಸಿ ವರ್ಣ ಪದ್ಧತಿಗೆ ಒಪ್ಪಿಗೆ ಕೊಟ್ಟಿತು. ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತಾಕಲಾಡಬಾರದೆಂದು ಎಂಜಿನಿಯರುಗಳು 30 ಎಂಬ ಚೊಕ್ಕ ಸಂಖ್ಯೆಯನ್ನು ಸಾವಿರದಲ್ಲಿ ಒಂದು ಪಾಲಿನಷ್ಟು ಇಳಿಸಿದರು. ಅಂದಿನಿಂದ ಅದು 29.97. ಸಂಕಲನ ಕೊಠಡಿಯಲ್ಲಿ ಕೂತ ನನ್ನಂಥವರು ಇಂದಿಗೂ ಈ ಮೂರು ಪೈಸೆ ಕೊರತೆಯ ಲೆಕ್ಕವನ್ನು ತೀರಿಸುತ್ತಲೇ ಇದ್ದೇವೆ. ಆ ಪದ್ಧತಿಯಲ್ಲಿ ಮುಖದ ಬಣ್ಣ ದಾರಿಯಲ್ಲಿ ಹಸಿರಿಗೋ ನೇರಳೆಗೋ ತಿರುಗುವ ಚಾಳಿಯಿತ್ತು. ಎನ್‌ಟಿಎಸ್‌ಸಿ ಎಂದರೆ ಒಂದೇ ಬಣ್ಣ ಎರಡು ಸಲ ಬಾರದ ಪದ್ಧತಿ ಎಂದು ಎಂಜಿನಿಯರುಗಳು ತಮಾಷೆ ಮಾಡುತ್ತಿದ್ದರು.

ಜರ್ಮನಿಯ ಟೆಲಿಫುಂಕೆನ್ ಕಂಪೆನಿಯ ವಾಲ್ಟರ್ ಬ್ರೂಖ್ ಇದಕ್ಕೆ ಸರಳ ಉಪಾಯ ಕಂಡರು. ಒಂದು ಗೆರೆ ಬಿಟ್ಟು ಒಂದು ಗೆರೆಯಲ್ಲಿ ಬಣ್ಣದ ಸಂಕೇತವನ್ನು ತಿರುವುಮುರುವು ಮಾಡಿ ಕಳಿಸಿದರೆ, ಒಂದರಲ್ಲಾದ ತಪ್ಪು ಮುಂದಿನದರಲ್ಲಿ ವಜಾ ಆಗುತ್ತದೆ. 1963ರ ಜನವರಿಯಲ್ಲಿ ಅವರು ತೋರಿಸಿದ ಈ ಪದ್ಧತಿಯೇ ಪಾಲ್. 1967ರ ಆಗಸ್ಟ್ 25ರಂದು ಬರ್ಲಿನ್ನಿನಲ್ಲಿ ವಿಲ್ಲಿ ಬ್ರಾಂಟ್ ದೊಡ್ಡ ಕೆಂಪು ಗುಂಡಿ ಒತ್ತಿ ವರ್ಣ ಪ್ರಸಾರಕ್ಕೆ ಚಾಲನೆ ಕೊಟ್ಟರು. ಆದರೆ ಅವರ ಕೈ ಗುಂಡಿಯನ್ನು ಪೂರ್ತಿ ಒತ್ತುವ ಮೊದಲೇ ತೆರೆಗೆ ಬಣ್ಣ ಬಂದುಬಿಟ್ಟಿತ್ತು! ಒಳಗಿದ್ದ ತಂತ್ರಜ್ಞನ ಕೈ ತುಸು ಆತುರಪಟ್ಟಿತ್ತು. ನೇರ ಪ್ರಸಾರ ಮಾಡಿದ ಯಾರಿಗೂ ಇದನ್ನು ಓದಿದರೆ ಆ ಅಪರಿಚಿತನ ಮೇಲೆ ಮರುಕ ಹುಟ್ಟದೆ ಇರದು.

ನಮ್ಮ ದೇಶದ ವಿದ್ಯುತ್ತು 50 ಆವರ್ತನದ್ದು. 1982ರಲ್ಲಿ, ಏಷ್ಯನ್ ಕ್ರೀಡಾಕೂಟದ ವರ್ಷ, ವರ್ಣ ಪ್ರಸಾರ ಆರಂಭಿಸಿದಾಗ ನಾವು ಪಾಲ್ ಪದ್ಧತಿಯನ್ನೇ ಆರಿಸಿಕೊಂಡೆವು. ಹೀಗೆ ನ್ಯೂಜೆರ್ಸಿಯ ಕ್ಯಾಮರಾ ಹುಟ್ಟಿನಿಂದ 60ರದು, ಟೀಚರಮ್ಮನ ಟಿವಿ 50ರದು. ಚಿತ್ರ ಉರುಳಿದ್ದು, ಬಣ್ಣ ಹೋದದ್ದು ಅದಕ್ಕೆ. ಯಾರ ದುರುದ್ದೇಶವೂ ಇರಲಿಲ್ಲ.

ಕಂಪ್ಯೂಟರಿನ ಮುಂದೆ ಮಾತ್ರ ಈ ಬೀಗ ಬೀಗವೇ ಅಲ್ಲ. ಡಿವಿಡಿಯಲ್ಲಿ ಇರುವುದು ಎಂಪೆಗ್-2 ವಿಧಾನದಲ್ಲಿ ಅಡಕಗೊಳಿಸಿದ ಅಂಕಿಗಳು. ಬಣ್ಣವನ್ನು ಗೆರೆಗೆ ಹೊಲಿಯುವ ಪಾಲ್ ಆಗಲಿ ಎನ್‌ಟಿಎಸ್‌ಸಿಯಾಗಲಿ ಅದರಲ್ಲಿಲ್ಲ. ಪೆಟ್ಟಿಗೆಯ ಮೇಲೆ ಹಾಗೆ ಅಚ್ಚಾಗಿರುವುದು ಬಾಯಿರೂಢಿ. ಒಂದು ಜಾತಿಯ ಡಿಸ್ಕಿನಲ್ಲಿ ಚಿತ್ರದ ಅಳತೆ 720 ಅಡ್ಡ, 480 ಉದ್ದ, ಸೆಕೆಂಡಿಗೆ 29.97. ಇನ್ನೊಂದರಲ್ಲಿ 720 ಅಡ್ಡ, 576 ಉದ್ದ, ಸೆಕೆಂಡಿಗೆ 25. ಕಂಪ್ಯೂಟರಿನ ತೆರೆಗೆ ಎರಡೂ ಒಂದೇ. ನಮ್ಮಲ್ಲೇ ಮಾರಾಟವಾದ ಹಲವು ಭಾರತೀಯ ಚಿತ್ರಗಳ ಡಿವಿಡಿಗಳು, ಹೊರದೇಶದ ನಮ್ಮವರೂ ಕೊಳ್ಳಲೆಂದು, ಎನ್‌ಟಿಎಸ್‌ಸಿಯಲ್ಲೇ ಇದ್ದವು. ನಿಮ್ಮ ಬೀರುವಿನಲ್ಲಿರುವ ಪೆಟ್ಟಿಗೆಗಳ ಹಿಂಬದಿಯನ್ನೊಮ್ಮೆ ನೋಡಿ.

ಆದ್ದರಿಂದ ಇಂಥ ಡಿಸ್ಕನ್ನು ಕಡತವಾಗಿ ಪರಿವರ್ತಿಸುವಾಗ "ಇಂಡಿಯಾ ಸಿಸ್ಟಮ್ಮಿಗೆ" ಬದಲಿಸಬೇಡಿ. ಅಂಗಡಿಯವರು ಮಾಡಿದ್ದು ಅದೇ. ಸೆಕೆಂಡಿನ 60 ಅರ್ಧಚಿತ್ರಗಳಲ್ಲಿ ಕೆಲವನ್ನು ಎಸೆದು 50 ಉಳಿಸಿಕೊಂಡರು, ನರ್ತಕಿಯ ಕೈ ಜಿಗಿಯಿತು. 480 ಗೆರೆಗಳನ್ನು 576ರ ಚೌಕಟ್ಟಿನಲ್ಲಿ ಹಾಗೆಯೇ ಕೂರಿಸಿದರು, ಜನ ಕುಳ್ಳಗಾದರು. ಕ್ಯಾಮರಾದಿಂದ ತೆಗೆದ ಮನೆಯ ಚಿತ್ರವಾದರೆ ಪ್ರತಿ ಅರ್ಧವನ್ನೂ ಒಂದು ಪೂರ್ಣ ಚಿತ್ರವಾಗಿ ಬಿಡಿಸಿ, ಸೆಕೆಂಡಿಗೆ 59.94ರಂತೆ ಉಳಿಸಿಕೊಳ್ಳುವುದು ಲೇಸು. ಹಾಗೆ ಬಿಡಿಸದಿದ್ದರೆ ಚಲಿಸುವ ವಸ್ತುವಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳೇಳುತ್ತವೆ. ಸಿನಿಮಾದ ಡಿಸ್ಕಾದರೆ ವಿಧಾನ ಬೇರೆ. ಸಿನಿಮಾ ಓಡುವುದು ಸೆಕೆಂಡಿಗೆ 24 ಚಿತ್ರದಂತೆ. ಅಮೆರಿಕದ ಪದ್ಧತಿಗೆ ಹೊಂದಿಸಲು ಒಂದು ಚಿತ್ರವನ್ನು ಎರಡು ಅರ್ಧವಾಗಿ, ಮುಂದಿನದನ್ನು ಮೂರು ಅರ್ಧವಾಗಿ ತೋರಿಸುತ್ತ ಹೋಗುತ್ತಾರೆ. ಕಂಪ್ಯೂಟರಿನ ತಂತ್ರಾಂಶ ಈ ಕಸರತ್ತನ್ನು ಬಿಚ್ಚಿ ಮೂಲದ 24ರ ಓಟವನ್ನು ಬಹುತೇಕ ಹಾಗೆಯೇ ಮರಳಿ ಕೊಡಬಲ್ಲದು. ನಮ್ಮ ಪಾಲ್ ನಾಡಿನಲ್ಲಿ ಮಾಡುತ್ತಿದ್ದುದು ಇನ್ನೂ ಸೋಜಿಗ: 24ನ್ನು 25ರ ವೇಗದಲ್ಲಿ ಓಡಿಸಿಬಿಡುವುದು! ಎರಡು ಗಂಟೆಯ ಚಿತ್ರ ಸುಮಾರು ಐದು ನಿಮಿಷ ಮೊದಲೇ ಮುಗಿಯುತ್ತದೆ. ಸರಿಪಡಿಸದಿದ್ದರೆ ಹಾಡಿನ ಶ್ರುತಿಯೂ ಮುಕ್ಕಾಲು ಸ್ವರದ ಹತ್ತಿರ ಏರಿಬಿಡುತ್ತದೆ, ಅಂದರೆ ಹಾರ್ಮೋನಿಯಂನ ಒಂದು ಮನೆಗಿಂತ ತುಸು ಕಡಿಮೆ.

ಇನ್ನು ಎರಡನೆಯ ಬೀಗ.

ಪ್ರತಿಸ್ಪರ್ಧಿ ಕಂಪೆನಿಗಳು ಕಾದಾಟ ಬಿಟ್ಟು ಡಿವಿಡಿಯ ಒಂದೇ ಮಾದರಿಗೆ ಒಪ್ಪಿದ್ದು 1995ರಲ್ಲಿ. ಮೊದಲ ಯಂತ್ರಗಳು ಜಪಾನಿನಲ್ಲಿ 1996ರ ನವೆಂಬರಿನಲ್ಲಿ, ಅಮೆರಿಕದಲ್ಲಿ 1997ರಲ್ಲಿ ಮಾರಾಟಕ್ಕೆ ಬಂದವು. ಹಾಲಿವುಡ್ಡಿನವರಿಗೆ ಒಂದು ಅಳುಕಿತ್ತು. ಆ ದಿನಗಳಲ್ಲಿ ಒಂದು ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾಗಿ, ಅದೇ ಪ್ರಿಂಟುಗಳು ತಿಂಗಳುಗಟ್ಟಲೆ ತಡವಾಗಿ ಬೇರೆ ದೇಶಗಳಿಗೆ ಹೋಗುತ್ತಿದ್ದವು. ಅಲ್ಲಿನ ಚಿತ್ರಮಂದಿರಕ್ಕೆ ಚಿತ್ರ ಬರುವ ಮೊದಲೇ ಇಲ್ಲಿನ ಡಿಸ್ಕ್ ಅಂಚೆಯಲ್ಲಿ ತಲುಪಿದರೆ? ಒಂದೊಂದು ದೇಶದಲ್ಲಿ ಒಂದೊಂದು ಬೆಲೆ ಇಡುವ ಅನುಕೂಲವೂ ತಪ್ಪಿಹೋದರೆ? ಹೀಗಾಗಿ ಭೂಪಟವನ್ನು ಹಂಚಿದರು. ಅಮೆರಿಕ, ಕೆನಡಾ ಒಂದನೆಯ ವಲಯ. ಯುರೋಪು, ಜಪಾನು, ಮಧ್ಯಪ್ರಾಚ್ಯ, ದಕ್ಷಿಣ ಆಫ್ರಿಕ ಎರಡು. ಆಗ್ನೇಯ ಏಷ್ಯ, ಕೊರಿಯ ಮೂರು. ಆಸ್ಟ್ರೇಲಿಯ ಮತ್ತು ಲ್ಯಾಟಿನ್ ಅಮೆರಿಕ ನಾಲ್ಕು. ಭಾರತ, ಪಾಕಿಸ್ತಾನ, ರಷ್ಯ, ಆಫ್ರಿಕದ ಬಹುಭಾಗ ಐದು. ಚೀನಕ್ಕೆ ಆರು. ಏಳನ್ನು ಖಾಲಿ ಬಿಟ್ಟು ಎಂಟನ್ನು ವಿಮಾನ, ಹಡಗುಗಳಿಗೆ ಕೊಟ್ಟರು. ಜಪಾನು ಎನ್‌ಟಿಎಸ್‌ಸಿ ನಾಡು, ಯುರೋಪು ಪಾಲ್ ನಾಡು. ಆದರೂ ಎರಡೂ ಒಂದೇ ವಲಯ. ಎರಡು ಬೀಗಗಳಿಗೆ ಸಂಬಂಧವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇಷ್ಟು ದೊಡ್ಡ ಏರ್ಪಾಡು ಡಿಸ್ಕಿನಲ್ಲಿ ಹಿಡಿಯುವ ಜಾಗ ಒಂದೇ ಒಂದು ಬೈಟ್, ಎಂಟು ಬಿಟ್. ಬಿಟ್ ಸೊನ್ನೆಯಾದರೆ ಆ ವಲಯಕ್ಕೆ ಅನುಮತಿ, ಒಂದಾದರೆ ನಿಷೇಧ. ಬರಿಯ ಇಷ್ಟನ್ನು ಅಳಿಸುವುದು ಮಕ್ಕಳಾಟ. ಅದಕ್ಕೆಂದೇ ಚಿತ್ರವನ್ನು ಗುಪ್ತಲಿಪಿಯಲ್ಲಿ ಕಲಸಿಟ್ಟರು. ಆ ಪದ್ಧತಿಯ ಹೆಸರು ಸಿಎಸ್‌ಎಸ್. ಪರವಾನಗಿ ಪಡೆದ ಪ್ರತಿ ತಯಾರಕನಿಗೂ ಬಿಡಿಸುವ ಕೀಲಿ ಸಿಗುತ್ತದೆ, ವಲಯದ ನಿಯಮ ಪಾಲಿಸುತ್ತೇನೆಂದು ಒಪ್ಪಿದರೆ ಮಾತ್ರ. 2000ದ ಜನವರಿಯಿಂದ ಕಂಪ್ಯೂಟರಿನ ಡ್ರೈವುಗಳಲ್ಲೂ ವಲಯವನ್ನು ಯಂತ್ರದೊಳಗೇ ಬರೆದಿಡುವುದು ಕಡ್ಡಾಯವಾಯಿತು. ಬಳಕೆದಾರ ಅದನ್ನು ಐದು ಸಲ ಬದಲಿಸಬಹುದು. ಐದನೆಯದರಲ್ಲಿ ಎಲ್ಲಿ ನಿಂತಿತೋ ಅಲ್ಲಿಗೇ ಗಟ್ಟಿ. ಅಮೆರಿಕದ ಡಿಸ್ಕಿಗೊಮ್ಮೆ, ಇಲ್ಲಿನದಕ್ಕೊಮ್ಮೆ ಎಂದು ಮನೆಯ ಮಕ್ಕಳು ಆಚೀಚೆ ತಿರುಗಿಸಿ, ಒಂದು ಭಾನುವಾರ ಮಧ್ಯಾಹ್ನದಲ್ಲೇ ಐದೂ ಮುಗಿಸಿದ ಪ್ರಕರಣ ನನಗೆ ಗೊತ್ತಿದೆ.

ಆದರೆ ಆ ವೇಳೆಗೆ ಬೀಗ ಒಡೆದಾಗಿತ್ತು. ಸಿಎಸ್‌ಎಸ್ ಕೀಲಿಯ ಉದ್ದ 40 ಬಿಟ್. ಅಂದರೆ ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳು. ಕೇಳಲು ದೊಡ್ಡದೆನಿಸಿದರೂ ಕಂಪ್ಯೂಟರಿಗೆ ಅದು ದೊಡ್ಡ ಸಂಖ್ಯೆಯಲ್ಲ. ಅಂದಿನ ಅಮೆರಿಕದ ರಫ್ತು ನಿಯಮಗಳು ಅದಕ್ಕಿಂತ ಉದ್ದದ ಕೀಲಿಗೆ ಅಡ್ಡಿಯಾಗಿದ್ದವು. ಮೇಲಾಗಿ ರಚನೆಯಲ್ಲೇ ದೋಷಗಳಿದ್ದು, ಜಾಣ ವಿಧಾನದಿಂದ ಹೊರಟರೆ ಡಿಸ್ಕಿನ ಕೀಲಿಗೆ ಒಂದು ನಿಮಿಷವೂ ಬೇಕಾಗದೆಂದು 1999ರಲ್ಲೇ ಫ್ರಾಂಕ್ ಸ್ಟೀವನ್ಸನ್ ಎಂಬುವರು ತೋರಿಸಿಕೊಟ್ಟರು. ಅದೇ ಅಕ್ಟೋಬರಿನಲ್ಲಿ ನಾರ್ವೆಯ 15 ವರ್ಷದ ಹುಡುಗ ಯೋನ್ ಲೆಕ್ ಯೋಹಾನ್ಸೆನ್, ಹೆಸರು ಹೇಳಿಕೊಳ್ಳದ ಇಬ್ಬರು ಜೊತೆಗಾರರೊಡನೆ ಸಿದ್ಧಪಡಿಸಿದ ಡಿಸಿಎಸ್‌ಎಸ್ ಎಂಬ ಪುಟ್ಟ ತಂತ್ರಾಂಶವನ್ನು ಲೋಕಕ್ಕೆ ಬಿಟ್ಟ. ಒಂದು ಪರವಾನಗಿ ಪಡೆದ ತಂತ್ರಾಂಶದಲ್ಲಿ ಕೀಲಿಯನ್ನು ಸರಿಯಾಗಿ ಮುಚ್ಚಿಟ್ಟಿರಲಿಲ್ಲ. ಜೊತೆಗಾರನೊಬ್ಬ ಅದನ್ನು ಹೆಕ್ಕಿದ್ದ. ಲಿನಕ್ಸ್ ಬಳಸುವವರಿಗೆ ತಮ್ಮದೇ ಡಿವಿಡಿ ನೋಡಲು ಪರವಾನಗಿಯ ಯಾವ ತಂತ್ರಾಂಶವೂ ಇರಲಿಲ್ಲ ಎಂಬುದು ಅವರ ವಾದ.

2000ದ ಜನವರಿಯಲ್ಲಿ ಪೊಲೀಸರು ಹುಡುಗನ ಮನೆಗೆ ಬಂದು ಕಂಪ್ಯೂಟರ್ ಹೊತ್ತೊಯ್ದರು. ಅತ್ತ ನ್ಯೂಯಾರ್ಕಿನಲ್ಲಿ ಎಂಟು ಚಿತ್ರಸಂಸ್ಥೆಗಳು ಆ ತಂತ್ರಾಂಶವನ್ನು ಹಂಚಿದ ಪತ್ರಿಕೆಯವರ ಮೇಲೆ ದಾವೆ ಹೂಡಿದವು. ಆಗಸ್ಟಿನಲ್ಲಿ ನ್ಯಾಯಾಧೀಶ ಲೂಯಿಸ್ ಕಪ್ಲಾನ್ ಸಂಸ್ಥೆಗಳ ಪರ ತೀರ್ಪಿತ್ತರು. ಸಿಟ್ಟಾದ ಪ್ರೋಗ್ರಾಮರುಗಳು ಆ ಸೂತ್ರವನ್ನು ಬನಿಯನ್ ಮೇಲೆ ಅಚ್ಚು ಹಾಕಿಸಿ ತೊಟ್ಟರು. ಒಬ್ಬರಂತೂ ಅದನ್ನು ಒಂದು ದೈತ್ಯ ಅವಿಭಾಜ್ಯ ಸಂಖ್ಯೆಯಾಗಿ ಬರೆದರು. ಸಂಖ್ಯೆಯೊಂದು ಕಾನೂನುಬಾಹಿರವಾಗಲು ಸಾಧ್ಯವೇ ಎಂಬುದು ಪ್ರಶ್ನೆ! ಗಣಿತ ಓದಿದವರಿಗೆ ಇದರ ರುಚಿ ಹೆಚ್ಚು. ನಾರ್ವೆಯ ಮೊಕದ್ದಮೆ ಬೇರೆ ದಾರಿ ಹಿಡಿಯಿತು. ದುಡ್ಡು ಕೊಟ್ಟು ಕೊಂಡ ಡಿಸ್ಕನ್ನು ನೋಡಲು ಕೊಂಡವನಿಗೆ ಹಕ್ಕಿದೆ, ತನ್ನದೇ ಡಿಸ್ಕನ್ನು ತೆರೆಯುವುದು ಕಳ್ಳತನವಲ್ಲ ಎಂದು ಓಸ್ಲೋದ ನ್ಯಾಯಾಲಯ 2003ರ ಜನವರಿಯಲ್ಲಿ ಆತನನ್ನು ಬಿಡುಗಡೆ ಮಾಡಿತು. ಡಿಸೆಂಬರಿನಲ್ಲಿ ಮೇಲ್ಮನವಿ ನ್ಯಾಯಾಲಯವೂ ಅದನ್ನೇ ಎತ್ತಿಹಿಡಿಯಿತು.

ಆ ನಡುವೆ ಪ್ಯಾರಿಸ್ಸಿನ ಎಕೋಲ್ ಸಾಂತ್ರಾಲ್ ಎಂಬ ಎಂಜಿನಿಯರಿಂಗ್ ಕಾಲೇಜಿನಿಂದ ಬಂದದ್ದು ವಿಎಲ್‌ಸಿ. 1996ರಲ್ಲಿ ಹಾಸ್ಟೆಲಿನ ಜಾಲದಲ್ಲಿ ಟಿವಿ ನೋಡಲೆಂದು ವಿದ್ಯಾರ್ಥಿಗಳು ಆರಂಭಿಸಿದ ಕೆಲಸ 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಅದರ ಗುರುತಾದ ಕಿತ್ತಳೆ ಶಂಕು, ಆ ಹುಡುಗರು ರಸ್ತೆಯಿಂದ ಎತ್ತಿ ತಂದು ಕೂಡಿಹಾಕುತ್ತಿದ್ದ ಶಂಕುಗಳ ನೆನಪು. ಅದರ ಜೊತೆಗಿನ ಲಿಬ್‌ಡಿವಿಡಿಸಿಎಸ್‌ಎಸ್ ಯಾರ ಕೀಲಿಯನ್ನೂ ಕದಿಯದೆ, ಡಿಸ್ಕಿನಲ್ಲಿರುವುದನ್ನೇ ಲೆಕ್ಕಹಾಕಿ ಕೀಲಿ ಕಂಡುಹಿಡಿಯಬಲ್ಲದು. ಡ್ರೈವಿನ ಐದು ಅವಕಾಶಗಳನ್ನು ಅದು ಮುಟ್ಟುವುದಿಲ್ಲ. ವಲಯ ತಪ್ಪಿದ ಡಿಸ್ಕನ್ನು ಓದಲು ಒಪ್ಪದ ಹಠಮಾರಿ ಡ್ರೈವುಗಳು ಕೆಲವಿವೆ, ಅವುಗಳ ಮಾತು ಬೇರೆ.

ಚಂದ್ರಯಾನದ ಡಿಸ್ಕನ್ನು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ ಹಾಕುವ ಮೊದಲು ಟೀಚರಮ್ಮ ಕೇಳಿದರು: "ದುಡ್ಡು ಕೊಟ್ಟು ತಗೊಂಡಿದ್ದಲ್ವೇನಪ್ಪ, ಕದ್ದಿದ್ದಲ್ಲವಲ್ಲ? ನೋಡಿದರೆ ತಪ್ಪೇನು?" ಓಸ್ಲೋದ ನ್ಯಾಯಾಧೀಶರ ಮುಂದಿದ್ದದ್ದೂ ಇದೇ ಪ್ರಶ್ನೆ. ನಮ್ಮ ಕಾನೂನೂ ಇಲ್ಲಿ ವಿವೇಕದಿಂದ ನಡೆದಿದೆ ಎಂದು ನನ್ನ ಭಾವನೆ. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿಸಿದ 65ಎ ಕಲಮಿನ ಪ್ರಕಾರ, ಕಾಯ್ದೆ ಕೊಟ್ಟ ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಾಕವಚ ಮುರಿದರೆ ಎರಡು ವರ್ಷದವರೆಗೆ ಸೆರೆ ಮತ್ತು ದಂಡ. ಒತ್ತು ಇರುವುದು ಉದ್ದೇಶದ ಮೇಲೆ. ನಕಲು ತೆಗೆದು ಮಾರುವವನು ಸಿಕ್ಕಿಬೀಳುತ್ತಾನೆ, ಬೀಳಬೇಕು. ಕಾಯ್ದೆ ನಿಷೇಧಿಸದ ಉದ್ದೇಶಕ್ಕಾಗಿ ಇನ್ನೊಬ್ಬರಿಗೆ ಇದನ್ನು ಮಾಡಿಕೊಡುವವರು ಅವರ ಹೆಸರು, ವಿಳಾಸ, ಉದ್ದೇಶ ಬರೆದಿಟ್ಟಿರಬೇಕೆಂದೂ ಅದರಲ್ಲಿದೆ. ಡೈರಿ ತೆಗೆದು ಬರೆದುಕೊಂಡೆ. ಉದ್ದೇಶ ಎಂಬಲ್ಲಿ "ತಮ್ಮ ಹೇಳಿದ್ದಕ್ಕೆ" ಎಂದು ಬರೆಸಿದರು. ಎರಡು ಲೋಟ ಕಾಫಿಯ ನಡುವೆ ಇಡೀ ಚಿತ್ರ ನೋಡಿದೆವು.

ರಂಗಪ್ರವೇಶದ ಡಿಸ್ಕಿಗೆ ಯಾವ ವಲಯವೂ, ಗುಪ್ತಲಿಪಿಯೂ ಇರಲಿಲ್ಲ. ಅದು ಸುಲಭವಾಗಿ ಮುಗಿಯಬೇಕಿತ್ತು. ಆದರೆ ಮನೆಯಲ್ಲಿ ಬರೆದ ಡಿಸ್ಕುಗಳಲ್ಲಿ ಅಂಕಿಗಳನ್ನು ಹಿಡಿದಿಡುವುದು ಒಂದು ಬಣ್ಣದ ಲೇಪ. ಅದು ಕಾಲಕ್ರಮದಲ್ಲಿ ಮಾಸುತ್ತದೆ, ಬಹಳ ಸಲ ಹೊರ ಅಂಚಿನಿಂದ. ಡಿವಿಡಿಯನ್ನು ಬರೆಯುವುದು ನಡುವಿನಿಂದ ಹೊರಕ್ಕೆ. ಅಂದರೆ ಕಾರ್ಯಕ್ರಮದ ಕೊನೆ ಇರುವುದೇ ಅಂಚಿನಲ್ಲಿ. ತಿಲ್ಲಾನ, ಮಂಗಳ ಎಲ್ಲ ಬಂತು. ತಮ್ಮ ಮೈಕಿನ ಮುಂದೆ ನಿಂತು ಬಾಯಿ ತೆರೆಯುವ ಹೊತ್ತಿಗೆ ಚಿತ್ರ ಚೌಕಚೌಕವಾಗಿ ಒಡೆದು ನಿಂತಿತು. ಟೀಚರಮ್ಮ ಏನೂ ಹೇಳಲಿಲ್ಲ. ಡಿಸ್ಕ್ ಒರೆಸಿದೆ, ವೇಗ ತಗ್ಗಿಸಿದೆ, ಗೆಳೆಯನ ಬಳಿಯಿಂದ ಇನ್ನೊಂದು ಡ್ರೈವ್ ತಂದು ರಾತ್ರಿಯಿಡೀ ಓದಿಸಿದೆ. ಸುಮಾರು 40 ಸೆಕೆಂಡು ಬಿಟ್ಟು ಉಳಿದದ್ದು ದಕ್ಕಿತು.

ಆಗ ನೆನಪಾದದ್ದು ಮೂರನೆಯ ಡಿಸ್ಕ್. ನಾನು ಅಷ್ಟು ಹಳಿದಿದ್ದ ಆ ಅಂಗಡಿಯ ನಕಲಿನಲ್ಲಿ ಆ 40 ಸೆಕೆಂಡುಗಳು ಭದ್ರವಾಗಿದ್ದವು. ಕತ್ತರಿಸಿ ತಂದು ಜೋಡಿಸಿದೆ. ಕಪ್ಪು ಪಟ್ಟಿ ತೆಗೆದು ಅಳತೆ ಸರಿಪಡಿಸಿದ್ದರಿಂದ ತಮ್ಮ ಮೊದಲಿನ ಎತ್ತರಕ್ಕೇ ಬಂದರು. ಎಸೆದ ಚಿತ್ರಗಳನ್ನು ಮರಳಿ ತರುವ ಉಪಾಯವಿಲ್ಲ, ಹಾಗಾಗಿ "ನಮ್ಮಕ್ಕ ಇವತ್ತು ಇಲ್ಲಿರಬೇಕಿತ್ತು" ಎನ್ನುವಾಗ ಅವರ ಕೈ ಸ್ವಲ್ಪ ಜಿಗಿಯುತ್ತದೆ. ಟೀಚರಮ್ಮ ಆ ಜಾಗವನ್ನು ಮೂರು ಸಲ ಹಾಕಿಸಿಕೊಂಡು ನೋಡಿ, ಪೆನ್‌ಡ್ರೈವನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಹೋದರು.